ಕುಂಟುವ ಕಾಲಿಗೆ ಗೆಜ್ಜೆ

ಕಲಾವಿದರ ಸನ್ಮಾನ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಇವರ ಕಾಲು ಉಳುಕಿ ಬಾತುಕೊಂಡಿತ್ತು, ಆದರೂ ಇವರು ಕುಣಿತ ನಿಲ್ಲಿಸಲಿಲ್ಲ ಎಂದು ಭಾಷಣಕಾರರು ಗದ್ಗದ ಕಂಠದಿಂದ ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಶಾಲು ಹೊದಿಸುವುದೂ ಹಣ್ಣಿನ ಬುಟ್ಟಿ ಒಪ್ಪಿಸುವುದೂ ಆಗುತ್ತದೆ. ಬಾತ ಕಾಲಿನಲ್ಲಿ ಅವರನ್ನು ಕುಣಿಸಿದವರು ಯಾರು, ಆಮೇಲೆ ಆ ಕಾಲು ಏನಾಯಿತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಈ ಚಪ್ಪಾಳೆ ಅಭಿಮಾನದ್ದಲ್ಲ, ಅಲಕ್ಷ್ಯದ್ದು. ಅದನ್ನು ನಿಲ್ಲಿಸುವ ಕಾಲ ಬಂದಿದೆ.

ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವವರು ದಾರಿಯಲ್ಲಿ ಕಲ್ಲತ್ತಿಗಿರಿಯ ಜಲಪಾತವನ್ನು ನೋಡುತ್ತಾರೆ. ನೀರು ಬೀಳುವಲ್ಲೇ ವೀರಭದ್ರನ ಗುಡಿ. ಲಿಂಗದಹಳ್ಳಿ, ತರೀಕೆರೆ, ಕಡೂರು, ಅಜ್ಜಂಪುರಗಳ ಈ ಸೀಮೆಗೆ ವೀರಗಾಸೆ ಹೊರಗಿನಿಂದ ಕರೆಸಿಕೊಂಡ ಮನರಂಜನೆಯಲ್ಲ, ಮನೆದೇವರ ಕುಣಿತ. ಮೈಗೆ ಕಾವಿ, ಹಣೆಗೆ ವಿಭೂತಿ, ತಲೆಗೆ ಚೌರಿ, ಎದೆಯ ಮೇಲೆ ವೀರಭದ್ರನ ಹಲಗೆ, ಕೈಯಲ್ಲಿ ಕತ್ತಿ, ಕಾಲಲ್ಲಿ ಗೆಜ್ಜೆ. ದಕ್ಷಯಜ್ಞದ ಒಡಪು ಮುಗಿದು ಸಮಾಳ, ಕರಡೆಗಳ ಬಡಿತ ಏರಿತೆಂದರೆ ಕುಣಿಯುವವನು ಹಾರುತ್ತಾನೆ, ತಿರುಗುತ್ತಾನೆ, ಬರಿಗಾಲಿನಲ್ಲಿ ನೆಲಕ್ಕೆ ಇಳಿಯುತ್ತಾನೆ. ಆ ರೌದ್ರದ ಭಾರವೆಲ್ಲ ಬಂದು ಕೂರುವುದು ಗೆಜ್ಜೆ ಕಟ್ಟಿದ ಜಾಗದಲ್ಲಿ, ಪಾದವು ಕಾಲಿಗೆ ಕೂಡುವ ಹರಡಿನ ಮೇಲೆ. ಆ ಕಥೆಯಲ್ಲಿ ದಕ್ಷನ ತಲೆ ಹೋದರೆ ಟಗರಿನ ತಲೆ ಜೋಡಿಸಿ ಬದುಕಿಸಿದರು. ಕಥೆಯನ್ನು ಕುಣಿದು ತೋರಿಸುವವನ ಕಾಲು ಹೋದರೆ ಜೋಡಿಸಿಕೊಡುವ ಶಿವ ಯಾರೂ ಇಲ್ಲ.

ಈ ಸೀಮೆಯ ಜನಕ್ಕೆ ಕಾಲಿನ ಬೆಲೆ ತಿಳಿಯದೆಂದು ಹೇಳುವಂತಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಹೈದರ್, ಟಿಪ್ಪು ಇವರ ದಂಡಿನ ಸಾಮಾನುಗಳನ್ನೆಳೆದು ಹೆಸರಾದ ಎತ್ತುಗಳ ವಂಶ ಅದು. ಎತ್ತು ಕುಂಟಿತೆಂದರೆ ರೈತ ನೊಗ ಇಳಿಸುತ್ತಾನೆ. ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಹುಲ್ಲು ಹಾಕಿ, ಕಾಲು ನೆಟ್ಟಗಾಗುವ ತನಕ ನೆರೆಯವನ ಎತ್ತು ಕೇಳಿಕೊಂಡು ಉಳುತ್ತಾನೆ. ಕುಂಟುವ ಎತ್ತಿಗೆ ನೊಗ ಹೂಡಿದವನನ್ನು ಊರೆಲ್ಲ ಬೈಯುತ್ತದೆ. ಕುಂಟುವ ಕುಣಿತಗಾರನಿಗೆ ಗೆಜ್ಜೆ ಕಟ್ಟಿಸಿದವನನ್ನು ಮಾತ್ರ ಕಲಾಪೋಷಕನೆಂದು ಕರೆಯುತ್ತೇವೆ. ಎತ್ತಿಗೆ ಸಲ್ಲುವ ನ್ಯಾಯ ಮನುಷ್ಯನಿಗೆ ಏಕೆ ಸಲ್ಲಬಾರದು?

ಹರಡಿನ ಸಂಗತಿಯನ್ನು ಸ್ವಲ್ಪ ನೋಡೋಣ. ಈ ಕೀಲನ್ನು ಹೊರಮಗ್ಗುಲಲ್ಲಿ ಮೂರು ಅಸ್ಥಿರಜ್ಜುಗಳು ಹಿಡಿದುಕೊಂಡಿವೆ. ಹಾರಿದವನ ಪಾದ ಒಳಕ್ಕೆ ಹೊರಳಿ ಊರಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಮುಂದಿನ ರಜ್ಜು. ನಮ್ಮಲ್ಲಿ ಕೂಡಲೇ ಎಣ್ಣೆ ಹಾಕಿ ತಿಕ್ಕಿ, ಎಳೆದು, ಉಳುಕು ತೆಗೆಯುತ್ತಾರೆ; ಹೊಸ ಗಾಯವನ್ನು ತಿಕ್ಕಿದರೆ ಊತ ಹೆಚ್ಚುವುದೊಂದೇ ಲಾಭ. ಎಲುಬಿಗೆ ಪೆಟ್ಟಾಗಿದೆಯೋ ಎಂಬ ಅನುಮಾನಕ್ಕೆ ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಗಾಯಗೊಂಡವನು ನಾಲ್ಕು ಹೆಜ್ಜೆ ಭಾರ ಊರಿ ನಡೆಯಲಾರದಿದ್ದರೆ, ಇಲ್ಲವೇ ಹರಡಿನ ಎರಡು ಪಕ್ಕದ ಎಲುಬುಗಂಟಿನ ಹಿಂಬದಿಯನ್ನಾಗಲಿ ತುದಿಯನ್ನಾಗಲಿ ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಸಬೇಕು. ಎಲುಬು ಮುರಿಯದೆ ರಜ್ಜು ಮಾತ್ರ ಹರಿದಿದ್ದರೆ ಬಹುಪಾಲು ಜನಕ್ಕೆ ಶಸ್ತ್ರಚಿಕಿತ್ಸೆಯೇ ಬೇಡ. ವಿಶ್ರಾಂತಿ, ಕಟ್ಟು, ಕ್ರಮವಾದ ವ್ಯಾಯಾಮ ಸಾಕು. ಆದರೆ ಮಾಯದ ಕಾಲಿನಲ್ಲಿ ಮತ್ತೆ ಮತ್ತೆ ಹಾರಿದವನ ಹರಡು ಮತ್ತೆ ಮತ್ತೆ ಹೊರಳುತ್ತದೆ. ಕೀಲು ಸಡಿಲವಾಗಿ ಕೊನೆಗೆ ಕತ್ತಿಯ ಕೆಳಗೆ ಬರುತ್ತದೆ. ಸ್ವೀಡನ್ನಿನ ಬ್ರೋಸ್ಟ್ರಮ್ ಎಂಬ ಶಸ್ತ್ರವೈದ್ಯರು 1966ರಲ್ಲಿ ವಿವರಿಸಿದ, ಹರಿದ ರಜ್ಜನ್ನೇ ಬಿಗಿದು ಹೊಲಿಯುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ಹೊಲಿದ ಮೇಲೂ ಹಾರಿ ಕುಣಿಯಲು ತಿಂಗಳುಗಟ್ಟಲೆ ಕಾಯಬೇಕು. ಮೊದಲು ಕೊಡದ ಕೆಲವು ವಾರಗಳ ವಿಶ್ರಾಂತಿಗೆ ತೆರುವ ಬಡ್ಡಿ ಇದು.

ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬರು ಸುಧಾ ಚಂದ್ರನ್ ಅವರ ಹೆಸರನ್ನು ಎತ್ತುತ್ತಾರೆ. 1981ರಲ್ಲಿ ತಮಿಳುನಾಡಿನಲ್ಲಿ ನಡೆದ ಬಸ್ ಅಪಘಾತದ ಗಾಯ ಕೊಳೆತು ಬಲಗಾಲನ್ನೇ ಕತ್ತರಿಸಬೇಕಾಯಿತು. ಆಕೆ ಜೈಪುರ ಕಾಲು ತೊಟ್ಟು ಮತ್ತೆ ಭರತನಾಟ್ಯ ಆಡಿದರು. ಅವರೇ ನಟಿಸಿದ ‘ಮಯೂರಿ’ ಚಿತ್ರ ದೇಶಕ್ಕೆಲ್ಲ ಈ ಕಥೆ ಹೇಳಿತು. ನೋಡಿ, ಅವರಿಗೆ ಸಾಧ್ಯವಾದದ್ದು ನಿಮಗೇಕೆ ಸಾಧ್ಯವಿಲ್ಲ ಎನ್ನುತ್ತಾರೆ. ಕಥೆ ನಿಜ, ಅದರಿಂದ ತೆಗೆದ ನೀತಿ ಸುಳ್ಳು. ಆಕೆ ರಂಗಕ್ಕೆ ಮರಳಿದ್ದು 1984ರಲ್ಲಿ. ನಡುವಣ ವರ್ಷಗಳು ಎಲ್ಲಿ ಹೋದವು? ಗಾಯ ಮಾಯಲು, ಹೊಸ ಪಾದದ ಮೇಲೆ ನಿಲ್ಲಲು, ನಡೆಯಲು, ಆಮೇಲೆ ಅಡವು ಹಾಕಲು ಹೋದವು. ಆ ಪಾದವೂ ಒಬ್ಬರ ಛಲದಿಂದ ಹುಟ್ಟಿದ್ದಲ್ಲ. ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿ ಎಂಬ ವೈದ್ಯರೂ ಜೈಪುರದಲ್ಲಿ ಕೂಡಿ, ಬರಿಗಾಲಿನಲ್ಲಿ ನಡೆಯುವ, ಕುಕ್ಕರುಗಾಲಿನಲ್ಲಿ ಕೂರುವ ನಮ್ಮ ಜನಕ್ಕೆ ಹೊಂದುವಂತೆ ರಬ್ಬರಿನಲ್ಲಿ ಬಾಗುವ ಪಾದವನ್ನು ಮಾಡಿದರು. ಒಬ್ಬ ನರ್ತಕಿಯ ಧೈರ್ಯದ ಹಿಂದೆ ಕಾರ್ಯಾಗಾರವಿತ್ತು, ವೈದ್ಯವಿತ್ತು, ಕಾಲಾವಕಾಶವಿತ್ತು. ನಮ್ಮವರು ಧೈರ್ಯವೊಂದನ್ನೇ ಎತ್ತಿಕೊಂಡು ಉಳಿದ ಮೂರನ್ನೂ ಬಿಟ್ಟುಬಿಟ್ಟರು.

ಈಗ ಆಸ್ಪತ್ರೆಯ ಖರ್ಚಿಗೆ ಸರಕಾರದ ನೆರವಿದೆಯಲ್ಲ ಎಂದು ಕೇಳಬಹುದು. ನಿಜ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುವ ಏರ್ಪಾಡಾಯಿತು. ಅದನ್ನು ಮೆಚ್ಚಲೇಬೇಕು. ಆದರೆ ಈ ಹಣ ಸಲ್ಲುವುದು ಆಸ್ಪತ್ರೆಗೆ. ಕಟ್ಟು ಹಾಕಿಸಿಕೊಂಡು ಮನೆಗೆ ಬಂದವನ ಒಲೆಯ ಮೇಲೆ ಏನು ಬೇಯಬೇಕು? ಶ್ರಾವಣ, ಕಾರ್ತಿಕ, ದಸರೆ ಎಂದು ವರ್ಷದ ಸಂಪಾದನೆ ಕೆಲವೇ ತಿಂಗಳುಗಳಲ್ಲಿ ಬರುವಂಥದು. ಆ ತಿಂಗಳುಗಳಲ್ಲೇ ಮಲಗಿದರೆ ಕುಣಿತದ ಆದಾಯವೂ ಇಲ್ಲ, ತೋಟದ ಕೂಲಿಯೂ ಇಲ್ಲ. ಆದ್ದರಿಂದ ವೈದ್ಯರು ಮೂರು ತಿಂಗಳು ಎಂದರೆ ಅವನು ಮೂರು ವಾರಕ್ಕೇ ಎದ್ದು ನಿಲ್ಲುತ್ತಾನೆ. ಅದನ್ನು ನಾವು ಸಾಧನೆ ಎನ್ನುತ್ತೇವೆ. ಅದು ಹಸಿವು.

ಕಾರ್ಖಾನೆಯ ಕೆಲಸಗಾರನ ಮಾತು ಬೇರೆ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಿಂದ, ಕೆಲಸದಲ್ಲಿ ಪೆಟ್ಟಾದ ವಿಮಾದಾರ ಗುಣವಾಗುವವರೆಗೆ ಸಂಬಳದ ಬಹುಪಾಲನ್ನು ಪಡೆಯುವ ಹಕ್ಕು ಗಳಿಸಿದ. ಕ್ರಿಕೆಟಿನವರ ಮಾತಂತೂ ಕೇಳುವುದೇ ಬೇಡ. 2023ರ ವಿಶ್ವಕಪ್ಪಿನಲ್ಲಿ ಪುಣೆಯ ಪಂದ್ಯದಲ್ಲಿ ಹಾರ್ದಿಕ್ ಪಾಂಡ್ಯರ ಎಡಗಾಲಿನ ಹರಡು ಹೊರಳಿತು. ಅವರನ್ನು ಬೆಂಗಳೂರಿನ ರಾಷ್ಟ್ರೀಯ ಅಕಾಡೆಮಿಗೆ ಕಳಿಸಿದರು. ಉಳಿದ ಪಂದ್ಯಾವಳಿಯಿಂದ ಅವರು ಹೊರಗುಳಿದರು. ದೇಶಕ್ಕಾಗಿ ಕುಂಟುತ್ತಲೇ ಆಡಲಿ ಎಂದು ಮಂಡಲಿ ಹಟ ಹಿಡಿಯಲಿಲ್ಲ. ಹರಡು ಎಲ್ಲರಿಗೂ ಒಂದೇ. ವೀರಗಾಸೆಯವನ ಹರಡು ಮಾತ್ರ ಕಬ್ಬಿಣದ್ದೆಂದು ಯಾವ ಶಾಸ್ತ್ರ ಹೇಳಿದೆ?

ಇದಕ್ಕೆ ಬರುವ ದೊಡ್ಡ ಉತ್ತರ ಒಂದಿದೆ: ವೀರಗಾಸೆ ದೇವರ ಸೇವೆ, ಸೇವೆಗೆ ಕೂಲಿಯ ಲೆಕ್ಕ ತರಬಾರದು ಎಂದು. ಗುಡಿಯ ಮುಂದೆ, ಮಣ್ಣಿನ ನೆಲದ ಮೇಲೆ, ತನ್ನ ಹರಕೆಗಾಗಿ ಕುಣಿಯುವವನಿಗೆ ಈ ಮಾತು ಸಲ್ಲುತ್ತದೆ. ಅವನಿಗೂ ಅವನ ದೇವರಿಗೂ ನಡುವೆ ನಾವು ಬರಬೇಕಾಗಿಲ್ಲ. ಆದರೆ ಮಂತ್ರಿಗಳ ಸ್ವಾಗತಕ್ಕೆ, ಸಮ್ಮೇಳನದ ಮೆರವಣಿಗೆಗೆ, ಅಂಗಡಿಯ ಉದ್ಘಾಟನೆಗೆ ತಂಡವನ್ನು ಗೊತ್ತುಮಾಡಿ, ಡಾಂಬರು ರಸ್ತೆಯ ಬಿಸಿಲಿನಲ್ಲಿ ಕುಣಿಸುವುದು ಯಾವ ದೇವರ ಸೇವೆ? ಮೈಸೂರು ದಸರೆಯ ಜಂಬೂಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ದಾರಿ. ಆನೆಗಳಿಗೆ ವಾರಗಳ ಮುಂಚಿನಿಂದ ತಾಲೀಮು ನಡೆಯುತ್ತದೆ, ಭಾರ ಹೊರಿಸಿ ಅಭ್ಯಾಸ ಮಾಡಿಸುತ್ತಾರೆ, ಪಶುವೈದ್ಯರು ನೋಡಿಕೊಳ್ಳುತ್ತಾರೆ. ಒಳ್ಳೆಯದೇ. ಆನೆಯ ಮುಂದೆ ಬರಿಗಾಲಿನಲ್ಲಿ ಹಾರುತ್ತ ಹೋಗುವವರ ಕಾಲನ್ನೂ ಅಷ್ಟೇ ಆಸ್ಥೆಯಿಂದ ನೋಡಬಾರದೇ?

ಭರತಮುನಿಗೆ ಈ ವಿವೇಕವಿತ್ತು. ನಾಟ್ಯಶಾಸ್ತ್ರದಲ್ಲಿ ರಂಗದ ನೆಲಕ್ಕೆ ಕಲ್ಲು, ಹುಲ್ಲು ತೆಗೆದ ಕಪ್ಪು ಮಣ್ಣು ತುಂಬಬೇಕೆಂದಿದ್ದಾನೆ. ಆಮೆಯ ಬೆನ್ನಿನಂತೆ ಉಬ್ಬಬಾರದು, ಮೀನಿನ ಬೆನ್ನಿನಂತೆ ಏಣಾಗಬಾರದು, ಕನ್ನಡಿಯಂತೆ ಸಮನಾಗಿರಬೇಕು ಎಂದಿದ್ದಾನೆ. ವ್ಯಾಯಾಮಕ್ಕೆ ಮುನ್ನ ಮೈಗೆ ಎಣ್ಣೆ ತಿಕ್ಕಿಕೊಳ್ಳುವುದನ್ನೂ ಮರೆತಿಲ್ಲ. ನಾಟ್ಯಶಾಸ್ತ್ರದ ಹೆಸರನ್ನು ವೇದಿಕೆಯ ಮೇಲೆ ಭಕ್ತಿಯಿಂದ ಹೇಳುವ ನಾವು ಆ ವೇದಿಕೆಯನ್ನೇ ಕಾಂಕ್ರೀಟಿನಿಂದ ಕಟ್ಟಿ ಮೇಲೊಂದು ಜಮಖಾನ ಹಾಸಿದ್ದೇವೆ.

ಕೇಳುವುದು ಹೆಚ್ಚೇನೂ ಅಲ್ಲ. ಸರಕಾರದ ಹಣದಲ್ಲಿ ನಡೆಯುವ ಪ್ರತಿ ಉತ್ಸವವೂ ತನ್ನ ಖರ್ಚಿನ ಒಂದು ಪಾಲನ್ನು ಗಾಯಗೊಂಡ ಕಲಾವಿದರ ನಿಧಿಗೆ ಮೀಸಲಿಡಲಿ. ವೈದ್ಯರ ಚೀಟಿ ಇದ್ದವನಿಗೆ, ಕುಣಿಯಲಾಗದ ತಿಂಗಳುಗಳಲ್ಲಿ ಆ ನಿಧಿಯಿಂದ ಜೀವನಾಂಶ ಸಲ್ಲಲಿ. ಮುಪ್ಪಿನಲ್ಲಿ ಕೊಡುವ ಮಾಸಾಶನ ಬೇರೆ, ಮೂವತ್ತರ ಹರೆಯದಲ್ಲಿ ಮುರಿದ ಕಾಲಿಗೆ ಬೇಕಾದ ನೆರವು ಬೇರೆ. ಮೆರವಣಿಗೆಯಲ್ಲಿ ನಡೆಯುವ ದಾರಿ ನಡಿಗೆಯಾಗಿರಲಿ. ಹಾರುವ ಕುಣಿತ ಮಣ್ಣಿನ ನೆಲಕ್ಕೋ ಮರದ ಹಲಗೆಗೋ ಇರಲಿ. ತಂಡದಲ್ಲಿ ಒಬ್ಬ ಕುಂಟಿದರೆ ತಂಡದ ಸಂಭಾವನೆ ಕಡಿಯಬಾರದು. ರಾಮನಗರದ ಜಾನಪದ ಲೋಕದಲ್ಲಿ ಎಚ್. ಎಲ್. ನಾಗೇಗೌಡರು ಹಳ್ಳಿಯ ವೇಷ, ವಾದ್ಯ, ಒಡವೆಗಳನ್ನು ಜೋಪಾನವಾಗಿ ಕಾಪಾಡಿಟ್ಟು ಹೋದರು. ಅದು ದೊಡ್ಡ ಕೆಲಸ. ಆದರೆ ಗೆಜ್ಜೆ ಉಳಿದು ಕಾಲು ಹೋದರೆ, ಮುಂದಿನವರಿಗೆ ಗಾಜಿನ ಪೆಟ್ಟಿಗೆಯ ಹೊರತು ಬೇರೆ ವೀರಗಾಸೆ ಸಿಗುವುದಿಲ್ಲ.

ಇನ್ನು ಮುಂದೆ ಯಾವ ಸಭೆಯಲ್ಲಾದರೂ ಬಾತ ಕಾಲಿನಲ್ಲಿ ಕುಣಿದವನ ಹೊಗಳಿಕೆ ಕೇಳಿಬಂದರೆ ಓದುಗರು ಚಪ್ಪಾಳೆಗೆ ಮೊದಲು ಎದ್ದು ನಿಂತು ಒಂದು ಪ್ರಶ್ನೆ ಕೇಳಬೇಕು: ಅಂದು ಅವನು ಕುಣಿಯದೆ ಮನೆಯಲ್ಲಿದ್ದಿದ್ದರೆ ಅವನ ಸಂಭಾವನೆಯನ್ನು ನೀವು ಕೊಡುತ್ತಿದ್ದಿರಾ? ಹೌದೆನ್ನುವವರು ಶಾಲು ಹೊದಿಸಲಿ. ಅಲ್ಲವೆನ್ನುವವರು ಆ ಶಾಲಿನ ದುಡ್ಡನ್ನು ಅವನ ಮನೆಗೆ ಕಳಿಸಲಿ.