ಆಕಾಶಕ್ಕೆಲ್ಲ ಒಂದೇ ನುಡಿಯೇ?

ಪೈಲಟ್‌ಗಳೂ ನೆಲದ ಮೇಲಿನ ವಾಯುಸಂಚಾರ ನಿಯಂತ್ರಕರೂ ಲೋಕದ ಎಲ್ಲೆಡೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಕಡ್ಡಾಯ ಮಾಡಬೇಕೇ? ಈಗಿನ ಅಂತಾರಾಷ್ಟ್ರೀಯ ನಿಯಮ ಎರಡಕ್ಕೂ ಎಡೆ ಕೊಟ್ಟಿದೆ: ಆಯಾ ನೆಲದ ಭಾಷೆ, ಇಲ್ಲವೇ ಇಂಗ್ಲಿಷ್.

ಪರ: ಕದ್ದು ಕೇಳುವುದೇ ಇಲ್ಲಿ ಕಾವಲು

ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲ ಎಂದು ಮ್ಯಾನೇಜರ ಜತೆ ಜಗಳವಾಡಿ ಬಂದವನು ನಾನು. ಆದರೂ ವಿಮಾನದ ರೇಡಿಯೋದಲ್ಲಿ ಇಂಗ್ಲಿಷ್ ಒಂದೇ ಇರಲಿ ಎನ್ನುತ್ತೇನೆ. ಬ್ಯಾಂಕಿನಲ್ಲಿ ನಾನಾಡಿದ್ದು ನನಗೂ ಗುಮಾಸ್ತರಿಗೂ ತಿಳಿದರೆ ಸಾಕು. ರೇಡಿಯೋ ಹಾಗಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ವಿಮಾನಗಳು. ಒಬ್ಬರಿಗೆ ಹೇಳಿದ್ದು ಉಳಿದವರ ಕಿವಿಗೂ ಬೀಳುತ್ತದೆ. ‘ಅರೆ, ನಾನಿರುವ ರನ್‌ವೇಗೇ ಇನ್ನೊಬ್ಬರನ್ನು ಬಿಡುತ್ತಿದ್ದಾರಲ್ಲ’ ಎಂದು ಪೈಲಟ್ ಬೆಚ್ಚಿಬೀಳುವುದು ಹೀಗೆ ಪಕ್ಕದವರ ಮಾತು ಕೇಳಿಸಿಕೊಂಡಾಗ.

2000ದ ಮೇ 25ರ ನಸುಕಿನಲ್ಲಿ ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಆ ಕಿವಿಗೆ ಬೀಗ ಬಿದ್ದಿತ್ತು. ಏರ್ ಲಿಬರ್ಟೆಯ ಜೆಟ್‌ಗೆ ಹಾರಲು ಅನುಮತಿ ಸಿಕ್ಕಿದ್ದು ಫ್ರೆಂಚಿನಲ್ಲಿ. ಅದೇ ರನ್‌ವೇಗೆ ನಡುವಿನ ದಾರಿಯಿಂದ ಬರಲಿದ್ದ ಬ್ರಿಟಿಷ್ ಸರಕು ವಿಮಾನಕ್ಕೆ ಇಂಗ್ಲಿಷಿನಲ್ಲಿ ಬಂದ ಸೂಚನೆ, ಎರಡನೆಯವರಾಗಿ ರನ್‌ವೇಗೆ ಬನ್ನಿ ಎಂದು. ಮೊದಲನೆಯವರು ಯಾರು? ಅದು ಫ್ರೆಂಚಿನೊಳಗೇ ಉಳಿಯಿತು. ಜೆಟ್‌ನ ರೆಕ್ಕೆ ಸರಕು ವಿಮಾನದ ಕಾಕ್‌ಪಿಟ್ ಸೀಳಿತು, ಸಹಪೈಲಟ್ ಸತ್ತರು. ಆ ವಿಮಾನ ರನ್‌ವೇಯ ತುದಿಯಿಂದ ಬರುತ್ತದೆಂದು ನಿಯಂತ್ರಕರು ತಪ್ಪು ತಿಳಿದಿದ್ದರು, ನಿಜ. ಆದರೆ ಆ ತಪ್ಪನ್ನು ಹಿಡಿಯಬಲ್ಲವರು ಅಲ್ಲೇ ಕುಳಿತಿದ್ದರು, ಭಾಷೆ ಬಾರದೆ.

1976ರಲ್ಲಿ ಜಾಗ್ರೆಬ್‌ನ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 176 ಮಂದಿ ಸತ್ತಾಗಲೂ ಇದೇ ಕಥೆ. ಕೊನೆಯ ಕ್ಷಣಗಳಲ್ಲಿ ಗಾಬರಿಗೊಂಡ ನಿಯಂತ್ರಕ ತನ್ನ ನಾಡಿನ ಪೈಲಟ್‌ಗಳೊಡನೆ ಸ್ವಂತ ಭಾಷೆಗೆ ಹೊರಳಿದ್ದ. ಇನ್ನೊಂದು ವಿಮಾನದ ಬ್ರಿಟಿಷ್ ಸಿಬ್ಬಂದಿಗೆ ಅದು ಅರ್ಥವಾಗುವಂತಿರಲಿಲ್ಲ.

ಇಂಗ್ಲಿಷ್ ಬಾರದವರು ಏನು ಮಾಡಬೇಕು? ಕಲಿಯಬೇಕು, ಅಷ್ಟೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕ್ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಾಕ್ ವಿಮಾನ ಇನ್ನೂ ಕೆಳಗಿಳಿದಿತ್ತು. ಅದರ ಸಿಬ್ಬಂದಿಯ ಇಂಗ್ಲಿಷ್ ಅಷ್ಟಕ್ಕಷ್ಟೆ. ಆಮೇಲೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಭಾಷಾ ಪರೀಕ್ಷೆಯ ಹಾದಿ ಹಿಡಿಯಿತು. 2008ರ ಮಾರ್ಚ್‌ನಿಂದ ಆರು ಹಂತಗಳಲ್ಲಿ ನಾಲ್ಕನೆಯದನ್ನಾದರೂ ಮುಟ್ಟಬೇಕು. ಅರ್ಧ ದಾರಿ ಬಂದಾಗಿದೆ, ಉಳಿದರ್ಧಕ್ಕೆ ಹಿಂಜರಿಕೆ ಏಕೆ?

ವಿರೋಧ: ‘ಟೂ’ ಎಂದರೆ ಎರಡೋ, ‘ಕ್ಕೆ’ಯೋ?

1989ರ ಫೆಬ್ರವರಿ 19. ಕೌಲಾಲಂಪುರದಲ್ಲಿ ಇಳಿಯಲಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ ನಿಯಂತ್ರಕ ಹೇಳಿದ್ದು ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’ ಎಂದು. ಅಂದರೆ 2,400 ಅಡಿಗೆ ಇಳಿಯಿರಿ. ಅಮೆರಿಕನ್ ಸಿಬ್ಬಂದಿ ಕೇಳಿಸಿಕೊಂಡದ್ದು, 400 ಅಡಿಗೆ ಇಳಿಯಿರಿ. ‘ಓಕೆ, ಫೋರ್ ಜೀರೋ ಜೀರೋ’ ಎಂದು ಮರುನುಡಿದರು, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು, ನಾಲ್ವರೂ ಸತ್ತರು.

ಆರನೇ ಹಂತವನ್ನು ತಾಯಿಯ ಮಡಿಲಲ್ಲೇ ಪಾಸಾದವರು ಇವರು! ಕನ್ನಡದಲ್ಲಿ ಈ ಎಡವಟ್ಟು ಆಗುತ್ತಿರಲಿಲ್ಲ. ‘ನಾನೂರಕ್ಕೆ’ ಎನ್ನುವಾಗ ‘ಕ್ಕೆ’ ಬರುವುದು ಬಾಲದಲ್ಲಿ, ಅದನ್ನು ‘ಎರಡು’ ಎಂದು ಯಾವ ಕಿವಿಯೂ ಕೇಳಿಸಿಕೊಳ್ಳದು. (ನಮ್ಮಲ್ಲೂ ‘ನೂರಾರು’ ಇದೆ, ಅದು 106 ಆದರೂ ಹೌದು, ನೂರುಗಟ್ಟಲೆ ಆದರೂ ಹೌದು. ಜಂಬ ಬೇಡ.) ನನ್ನ ತಕರಾರು ಇಷ್ಟೆ: ಇಂಗ್ಲಿಷ್ ಕಡ್ಡಾಯವಾದೊಡನೆ ಮಾತು ತಿಳಿಯಾಗುತ್ತದೆ ಎಂಬುದು ಸುಳ್ಳು.

ಕದ್ದು ಕೇಳುವ ಕಿವಿಯ ವಿಚಾರಕ್ಕೆ ಬರೋಣ. 1977ರ ಮಾರ್ಚ್ 27ರಂದು ಟೆನೆರಿಫ್ ವಿಮಾನ ನಿಲ್ದಾಣದ ಮಂಜಿನಲ್ಲಿ ಆ ಕಿವಿ ತೆರೆದೇ ಇತ್ತು. ‘ವಿ ಆರ್ ನೌ ಅಟ್ ಟೇಕಾಫ್’ ಎಂದರು ಕೆಎಲ್‌ಎಂನ ಡಚ್ ಸಹಪೈಲಟ್. ಇಂಗ್ಲಿಷ್ ಪದಗಳಡಿ ಡಚ್ ವ್ಯಾಕರಣ ಇಣುಕಿತ್ತೆಂದು ಆಮೇಲೆ ಹಲವರು ಅಂದರು. ಹಾರಲು ಸಿದ್ಧರಿದ್ದಾರೆ ಎಂದುಕೊಂಡ ಸ್ಪೇನಿನ ನಿಯಂತ್ರಕ ‘ಓಕೆ’ ಎಂದು, ತುಸು ತಡೆದು, ಕಾಯಿರಿ ಎಂದರು. ಅದೇ ರನ್‌ವೇ ಮೇಲಿದ್ದ ಪ್ಯಾನ್ ಆಮ್ ಪೈಲಟ್‌ಗಳು ಇದನ್ನೆಲ್ಲ ಕೇಳಿ, ನಾವಿನ್ನೂ ಇಲ್ಲೇ ಇದ್ದೇವೆ ಎಂದು ಹೇಳಿಯೂ ಹೇಳಿದರು. ಎರಡು ಮಾತು ಒಂದೇ ಗಳಿಗೆಯಲ್ಲಿ ಗಾಳಿಗೆ ಬಿದ್ದವು. ‘ಓಕೆ’ಯ ಬೆನ್ನಿಗೆ ಕೆಎಲ್‌ಎಂ ಕಾಕ್‌ಪಿಟ್‌ಗೆ ಮುಟ್ಟಿದ್ದು ಬಹುಪಾಲು ಕೀರಲು ಸದ್ದು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಸಾವು. ಎಲ್ಲರೂ ಆಡಿದ್ದು ಇಂಗ್ಲಿಷೇ.

ಪಾಠ ಕಲಿತದ್ದು ಭಾಷೆ ಬದಲಿಸಿ ಅಲ್ಲ. ‘ಟೇಕಾಫ್’ ಎಂಬ ಪದ ಈಗ ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ಹಿಂಪಡೆಯುವಾಗ ಮಾತ್ರ, ಉಳಿದೆಡೆ ‘ಡಿಪಾರ್ಚರ್’. ಅನುಮತಿಯನ್ನು ಪೈಲಟ್ ತಿರುಗಿ ಹೇಳಬೇಕು, ನಿಯಂತ್ರಕ ಅದನ್ನು ಕಿವಿಗೊಟ್ಟು ಕೇಳಬೇಕು. ಈ ಶಿಸ್ತನ್ನು ಯಾವ ಭಾಷೆಗೂ ಕಲಿಸಬಹುದು. ಕಲಿಸಬೇಕಾದದ್ದು ಇಂಗ್ಲಿಷ್ ತಾಯ್ನುಡಿಯವರಿಗೂ. ಆರನೇ ಹಂತದವರಿಗೆ ಮರುಪರೀಕ್ಷೆಯೇ ಇಲ್ಲ. ಅವರು ಗಡಿಬಿಡಿಯಲ್ಲಿ ಆಡುನುಡಿ ಸುರಿದರೆ ನಾಲ್ಕನೇ ಹಂತದವರು ತಬ್ಬಿಬ್ಬಾಗಬೇಕು.

ಎರಡು ಭಾಷೆ ಅಪಾಯವೇ ಎಂಬುದನ್ನು ಕೆನಡಾ ಒರೆಗೆ ಹಚ್ಚಿ ನೋಡಿದೆ. ಕ್ವಿಬೆಕ್‌ನಲ್ಲಿ ಫ್ರೆಂಚ್ ಬೇಡವೆಂದು 1976ರ ಜೂನ್‌ನಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್ ಇನ್ನೇನು ಶುರು ಎನ್ನುವಾಗ, ಪೈಲಟ್‌ಗಳು ಮುಷ್ಕರ ಹೂಡಿದರು. ವಿಚಾರಣಾ ಆಯೋಗ ಕೂತಿತು. ಎರಡು ಭಾಷೆಯಿಂದ ಸುರಕ್ಷತೆಗೆ ಧಕ್ಕೆಯಿಲ್ಲವೆಂದು 1979ರಲ್ಲಿ ವರದಿ ಕೊಟ್ಟಿತು. ಇಂದಿಗೂ ಮಾಂಟ್ರಿಯಲ್ ಗೋಪುರ ಒಬ್ಬರೊಡನೆ ಫ್ರೆಂಚ್, ಇನ್ನೊಬ್ಬರೊಡನೆ ಇಂಗ್ಲಿಷ್ ಆಡುತ್ತದೆ. ಲೋಕದ ಆಕಾಶಕ್ಕೆಲ್ಲ ನಿಯಮ ಬರೆಯುವ ಆ ಅಂತಾರಾಷ್ಟ್ರೀಯ ಸಂಸ್ಥೆಯ ಮುಖ್ಯ ಕಚೇರಿ ಇರುವುದೂ ಅದೇ ಊರಿನಲ್ಲಿ.