ಮುಖ್ಯಮಂತ್ರಿಗಳನ್ನೇ ಮನೆಗೆ ಕಳಿಸಿದ ಕ್ಷೇತ್ರ

ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ನಿಂತು, 'ಮುಂದಿನ ಸಲ ಇಲ್ಲಿಂದ ಪಾರ್ಲಿಮೆಂಟಿಗೆ ಹೋಗೋರು ಯಾರು?' ಅಂತ ಯಾರನ್ನಾದರೂ ಕೇಳಿ ನೋಡಿ. ಅಭ್ಯರ್ಥಿ ಯಾರೆಂದು ಗೊತ್ತಿಲ್ಲದವರೂ ಪಕ್ಷದ ಹೆಸರನ್ನು ಥಟ್ಟನೆ ಹೇಳಿಬಿಡುತ್ತಾರೆ. ತಪ್ಪಿಲ್ಲ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ 1991ರಿಂದ 2024ರವರೆಗೆ ಒಂಬತ್ತು ಚುನಾವಣೆ ಕಂಡಿದೆ. ಒಂಬತ್ತರಲ್ಲೂ ಗೆದ್ದದ್ದು ಬಿಜೆಪಿ. ಗಿರಿನಗರದ ಕಟ್ಟೆಯ ಮೇಲೆ ಕೂರುವ ಪಿಂಚಣಿದಾರರೂ ಈಗ ಈ ಕ್ಷೇತ್ರದ ಮೇಲೆ ಬಾಜಿ ಕಟ್ಟುವುದಿಲ್ಲ.

ಆದರೆ ಇದೇ ಕ್ಷೇತ್ರ ಒಂದು ಕಾಲಕ್ಕೆ ಡೆಲ್ಲಿಯವರ ನಿದ್ದೆ ಕೆಡಿಸಿತ್ತು. ಇಡೀ ರಾಜ್ಯ ಒಂದು ಕಡೆ ವಾಲಿದರೆ ಇದು ಇನ್ನೊಂದು ಕಡೆ. ಇಬ್ಬರು ಮಾಜಿ ಮುಖ್ಯಮಂತ್ರಿಗಳು ಇಲ್ಲಿ ಮಣ್ಣು ಮುಕ್ಕಿದ್ದಾರೆ. ಅದನ್ನು ನೆನಪಿಟ್ಟವರು ಈಗ ಕಮ್ಮಿ.

ಮೊದಲು ಇದರ ಹೆಸರು ಬೆಂಗಳೂರು ನಗರ ಅಂತ ಇತ್ತು. 1962, 1967, 1971, ಮೂರು ಸಲವೂ ಇಲ್ಲಿ ಗೆದ್ದವರು ಕೆಂಗಲ್ ಹನುಮಂತಯ್ಯ. ವಿಧಾನಸೌಧ ಕಟ್ಟಿಸಿದವರು, ರೈಲ್ವೆ ಮಂತ್ರಿಯಾಗಿದ್ದವರು. ಅವರನ್ನು ಯಾರು ಅಲ್ಲಾಡಿಸುತ್ತಾರೆ ಎಂಬ ಮಾತು ಇತ್ತು.

ಅಲ್ಲಾಡಿಸಿದ್ದು 1977. ಅಷ್ಟರಲ್ಲಿ ಕ್ಷೇತ್ರದ ಹೆಸರು ಬೆಂಗಳೂರು ದಕ್ಷಿಣ ಎಂದಾಗಿತ್ತು. ತುರ್ತುಪರಿಸ್ಥಿತಿ ಮುಗಿದು ಎಲೆಕ್ಷನ್ ಬಂತು. ಉತ್ತರ ಭಾರತದಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ಗುಡಿಸಿಹೋಯಿತು. ಕರ್ನಾಟಕದಲ್ಲಿ ಮಾತ್ರ ದೇವರಾಜ ಅರಸರ ಕೋಟೆ ಭದ್ರವಾಗಿ ನಿಂತು 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಬಂದವು. ಜನತಾ ಪಕ್ಷಕ್ಕೆ ಸಿಕ್ಕಿದ್ದು ಎರಡೇ. ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಇಲ್ಲಿ ಹನುಮಂತಯ್ಯನವರನ್ನು ಸೋಲಿಸಿದವರು ಕಾರ್ಕಳ ತಾಲೂಕಿನ ಕೆ.ಎಸ್. ಹೆಗ್ಡೆ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. 1973ರಲ್ಲಿ ಇವರನ್ನೂ ಸೇರಿ ಮೂವರು ಹಿರಿಯರನ್ನು ದಾಟಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಬಿಸಾಕಿ ಹೊರಬಂದವರು. ಗೆದ್ದ ವರ್ಷವೇ ಲೋಕಸಭೆಯ ಸ್ಪೀಕರ್ ಆದರು.

ಕೋರ್ಟಿನ ಸಂಗತಿ ಚಿಕ್ಕಪೇಟೆ ವ್ಯಾಪಾರಿಗೆ ಯಾಕೆ ಬೇಕಿತ್ತು ಅನ್ನಬಹುದು. ಬೇಕಿತ್ತು. ವಾಜಪೇಯಿ, ಅಡ್ವಾಣಿ ಇಬ್ಬರನ್ನೂ 1975ರ ಜೂನಿನಲ್ಲಿ ಹಿಡಿದದ್ದು ಬೆಂಗಳೂರಿನಲ್ಲೇ, ಇಟ್ಟದ್ದು ಇಲ್ಲಿನ ಸೆಂಟ್ರಲ್ ಜೈಲಿನಲ್ಲೇ. ದೂರದ ಸುದ್ದಿಯಾಗಿ ಪತ್ರಿಕೆಯಲ್ಲಿ ಓದಬೇಕಾದದ್ದು ಇಲ್ಲಿ ಪಕ್ಕದ ಬೀದಿಯ ಸುದ್ದಿಯಾಗಿತ್ತು.

ಗಾಳಿಗೆ ಎದುರು

1980ರ ಜನವರಿಯಲ್ಲಿ ಇಂದಿರಾ ಮತ್ತೆ ಬಂದರು. ಕರ್ನಾಟಕದಲ್ಲಿ ಇಂಕಾ 28ಕ್ಕೆ 27 ಬಾಚಿಕೊಂಡಿತು. ಉಳಿದದ್ದು ಒಂದೇ ಒಂದು. ಯಾವುದು ಅಂತ ಹೇಳಬೇಕಾಗಿಲ್ಲ. ಜನತಾ ಪಕ್ಷದ ಟಿ.ಆರ್. ಶಾಮಣ್ಣ ಗೆದ್ದರು. ಅದೇ ತಿಂಗಳು ಅರಸರ ಸರ್ಕಾರ ಬಿದ್ದು ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು.

1984ರ ಡಿಸೆಂಬರಿನ ಚುನಾವಣೆ ಇನ್ನೂ ಬಿರುಸಿನದು. ಇಂದಿರಾ ಹತ್ಯೆಯ ಅನುಕಂಪದಲ್ಲಿ ಇಂಕಾ ರಾಜ್ಯದಲ್ಲಿ 24 ಗೆದ್ದಿತು. ಆಗ ವಿಧಾನಸೌಧದಲ್ಲಿದ್ದ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ನಾಲ್ಕು. ಆ ನಾಲ್ಕರಲ್ಲಿ ದಕ್ಷಿಣವೂ ಒಂದು. ಸ್ವಾತಂತ್ರ್ಯ ಹೋರಾಟಗಾರ ವಿ.ಎಸ್. ಕೃಷ್ಣ ಅಯ್ಯರ್ ಪಾರ್ಲಿಮೆಂಟಿಗೆ ಹೋದರು.

ಮೂರು ಸಲ ಹೀಗಾದ ಮೇಲೆ ಇದು ಕಾಂಗ್ರೆಸ್ ವಿರೋಧಿಗಳ ಸ್ವಂತ ಜಮೀನು ಅಂತಲೇ ಎಲ್ಲರೂ ತಿಳಿದರು. 1989ರಲ್ಲಿ ಅದೂ ಸುಳ್ಳಾಯಿತು. ಜನತಾ ಪರಿವಾರ ಒಡೆದು ಹೋಳಾಗಿತ್ತು, ಬೊಮ್ಮಾಯಿ ಸರ್ಕಾರ ವಜಾ ಆಗಿತ್ತು. ದಕ್ಷಿಣದಲ್ಲಿ ಗೆದ್ದವರು ಸಾಕ್ಷಾತ್ ಗುಂಡೂರಾಯರು! ನರಗುಂದದ ಗೋಲಿಬಾರ್, ಗೋಕಾಕ್ ಚಳವಳಿ ಎಲ್ಲ ಅವರ ತಲೆಯ ಮೇಲಿದ್ದವು. 1983ರಲ್ಲಿ ಸೋಮವಾರಪೇಟೆಯಲ್ಲಿ ಅವರ ಸ್ವಂತ ಜನರೇ ಸೋಲಿಸಿದ್ದರು. ಅಂಥವರನ್ನು ಬಸವನಗುಡಿ, ಜಯನಗರದ ಮತದಾರ ಡೆಲ್ಲಿಗೆ ಕಳಿಸಿದ. ಕಳಿಸಿ ಎರಡು ವರ್ಷಕ್ಕೇ ವಾಪಸ್ ಕರೆಸಿಕೊಂಡ. 1991ರಲ್ಲಿ ಬಿಜೆಪಿಯ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಗುಂಡೂರಾಯರನ್ನು ಸೋಲಿಸಿದರು. ಚುನಾವಣೆಯ ನಡುವೆಯೇ ರಾಜೀವ್ ಗಾಂಧಿ ಹತ್ಯೆಯಾಗಿತ್ತು, ರಾಜ್ಯದಲ್ಲಿ ಕಾಂಗ್ರೆಸ್ 23 ಗೆದ್ದಿತ್ತು. ಎರಡನೆಯ ಅನುಕಂಪದ ಅಲೆಯೂ ದಕ್ಷಿಣಕ್ಕೆ ಬರುವ ಹೊತ್ತಿಗೆ ಇಂಗಿಹೋಯಿತು.

ಒಂದು ಮಾತು ಗಮನಿಸಿ. ಕಾರ್ಕಳದ ಹೆಗ್ಡೆ, ಕುಶಾಲನಗರದ ಗುಂಡೂರಾವ್, ಆಮೇಲೆ ಹುಬ್ಬಳ್ಳಿಯಿಂದ ಬಂದ ಅನಂತಕುಮಾರ್, ಯಾರನ್ನೂ ಈ ಕ್ಷೇತ್ರ 'ನೀನು ಯಾವೂರೋನಪ್ಪಾ' ಅಂತ ಕೇಳಲಿಲ್ಲ. ಬಾಡಿಗೆ ಮನೆಗಳ ಊರು, ಕೇಳುವವರೂ ಹೊರಗಿನಿಂದ ಬಂದವರೇ.

ತಮಾಷೆ ಏನೆಂದರೆ, 2025ರ ಮೇ ತಿಂಗಳಲ್ಲಿ ರಾಜ್ಯ ಸಂಪುಟ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಅಂತ ಹೆಸರಿಡಲು ತೀರ್ಮಾನಿಸಿತು. ಹನುಮಂತಯ್ಯನವರು ಹುಟ್ಟಿದ ಸೀಮೆಗೆ ಅವರು ಸೋತ ಕ್ಷೇತ್ರದ ಹೆಸರು!

ಅನಂತಕುಮಾರ್ ಕಾಲ

1996ರಲ್ಲಿ ಅನಂತಕುಮಾರ್ ಬಂದರು. ಎದುರಾಳಿ ಗುಂಡೂರಾಯರ ಪತ್ನಿ ವರಲಕ್ಷ್ಮಿ. ಅಲ್ಲಿಂದ ಆರು ಸಲ ಸತತ ಗೆಲುವು. ಸರ್ಕಾರಗಳು ಬಿದ್ದವು, ಎದ್ದವು, ದಕ್ಷಿಣದ ಎಂ.ಪಿ. ಮಾತ್ರ ಬದಲಾಗಲಿಲ್ಲ. 2004ರ ನಂತರ ಲೋಕಸಭೆಗೆ ರಾಜ್ಯವೇ ಬಿಜೆಪಿ ಕಡೆ ವಾಲಿದ್ದರಿಂದ ದಕ್ಷಿಣದ ಹಠ ಯಾರ ಕಣ್ಣಿಗೂ ಬೀಳದಾಯಿತು.

ಹಾಗಂತ ಎಲ್ಲ ಸಲವೂ ಸಲೀಸಾಗಿರಲಿಲ್ಲ. 2009ರಲ್ಲಿ ಯುವಕ ಕೃಷ್ಣ ಬೈರೇಗೌಡರು ಬೆವರಿಳಿಸಿದರು. ಅಂತರ 37,612 ಮಾತ್ರ. ಕ್ಷೇತ್ರ ಪುನರ್ವಿಂಗಡಣೆಯಾಗಿ ಬೊಮ್ಮನಹಳ್ಳಿಯಿಂದ ಗೋವಿಂದರಾಜನಗರದವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳ ಹೊಸ ನಕ್ಷೆ ಬಂದ ಮೊದಲ ಚುನಾವಣೆ ಅದು. ಹೊಸ ನಕ್ಷೆಯಲ್ಲಿ ಕಾಂಗ್ರೆಸ್ಸಿಗೆ ಬಾಗಿಲು ತೆರೆದಂತೆ ಕಂಡಿತು. 2014ರಲ್ಲಿ ಆ ಬಾಗಿಲಿಗೆ ಇನ್ಫೋಸಿಸ್‌ನ, ಆಧಾರ್ ಕಾರ್ಡಿನ ನಂದನ್ ನಿಲೇಕಣಿಯವರನ್ನೇ ಕಾಂಗ್ರೆಸ್ ಕಳಿಸಿತು. ಸೋಲಿನ ಅಂತರ 2,28,575. ಐ.ಟಿ. ಊರಿನಲ್ಲಿ ಐ.ಟಿ. ದೊರೆ ಸೋತರೆಂದು ದೇಶವೆಲ್ಲ ಬೆರಗಾಯಿತು. ಮೋದಿ ಅಲೆಯ ವರ್ಷ, ಬೆರಗಾಗುವಂಥದ್ದೇನೂ ಇರಲಿಲ್ಲ.

2018ರ ನವೆಂಬರ್ 12ರಂದು ಅನಂತಕುಮಾರ್ ತೀರಿಕೊಂಡರು. ಟಿಕೆಟ್ ಅವರ ಪತ್ನಿ ತೇಜಸ್ವಿನಿಯವರಿಗೆ ಎಂದು ಎಲ್ಲರೂ ಎಣಿಸಿದ್ದರು. ನಾಮಪತ್ರದ ಕೊನೆಯ ದಿನದ ಹಿಂದಿನ ರಾತ್ರಿ ಹೈಕಮಾಂಡ್ 28 ವರ್ಷದ ತೇಜಸ್ವಿ ಸೂರ್ಯರ ಹೆಸರು ಹೇಳಿತು. ಸ್ಥಳೀಯರಲ್ಲಿ ಗೊಣಗಾಟವಾಯಿತು. ಎಣಿಕೆಯ ದಿನ ಅಂತರ 3,31,192! ಎದುರಾಳಿ ಬಿ.ಕೆ. ಹರಿಪ್ರಸಾದ್ 1999ರಲ್ಲೂ ಇಲ್ಲೇ ಸೋತಿದ್ದವರು. ಇಪ್ಪತ್ತು ವರ್ಷ ಕಳೆದರೂ ಕಾಂಗ್ರೆಸ್ಸಿಗೆ ಹೊಸ ಹುರಿಯಾಳು ಸಿಕ್ಕಿರಲಿಲ್ಲ.

ಹದಿನಾರು ಮತದ ಲೆಕ್ಕ

ಈಗ ಒಂದು ವಿಚಿತ್ರ ನೋಡಿ. 2023ರ ಮೇ 13, ವಿಧಾನಸಭೆ ಎಣಿಕೆ. ಜಯನಗರದಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಗೆದ್ದರು ಎಂಬ ಸುದ್ದಿ ಹಬ್ಬಿತು. ಮರುಎಣಿಕೆ ನಡೆಯಿತು, ರಾತ್ರಿಯಾಯಿತು, ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತದಿಂದ ಗೆದ್ದರು. ಹದಿನಾರು! ಒಂದು ಮಿನಿ ಬಸ್ಸಿನಷ್ಟು ಜನವೂ ಅಲ್ಲ. ಆ ಚುನಾವಣೆಯಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಮೂರು ಕಾಂಗ್ರೆಸ್ಸಿಗೆ ಬಂದಿದ್ದವು: ಬಿ.ಟಿ.ಎಂ. ಲೇಔಟ್, ವಿಜಯನಗರ, ಗೋವಿಂದರಾಜನಗರ.

ಒಂದು ವರ್ಷದೊಳಗೆ ಅದೇ ಸೌಮ್ಯಾ ರೆಡ್ಡಿ ಲೋಕಸಭೆಗೆ ನಿಂತರು. ತೇಜಸ್ವಿ ಸೂರ್ಯರಿಗೆ 7,50,830 ಮತ, ಇವರಿಗೆ 4,73,747. ಅಂತರ 2,77,083. ಅಂದರೆ ಇಲ್ಲಿನ ಮತದಾರ ಕಾಂಗ್ರೆಸ್ಸಿಗೆ ಮತ ಹಾಕುವವನೇ ಅಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ವಿಧಾನಸಭೆಗೆ ಒಂದು ಕೈ, ಲೋಕಸಭೆಗೆ ಇನ್ನೊಂದು ಕೈ. ಶಾಸಕನನ್ನು ಚರಂಡಿ, ನಲ್ಲಿ, ಖಾತೆಗಾಗಿ ಆರಿಸುತ್ತಾನೆ. ಎಂ.ಪಿ.ಯನ್ನು ಆರಿಸುವಾಗ ಅವನ ಕಣ್ಣಿರುವುದು ಪ್ರಧಾನಿಯ ಕುರ್ಚಿಯ ಮೇಲೆ. ಅಭ್ಯರ್ಥಿ ಅಲ್ಲಿ ನೆಪ.

ಇದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. 2024ರಲ್ಲಿ ಪಟ್ಟಿಯಲ್ಲಿದ್ದ ಮತದಾರರು 23 ಲಕ್ಷಕ್ಕೂ ಮೇಲೆ. ಬೂತಿಗೆ ಬಂದವರು ಶೇಕಡ 53. ರಾಜ್ಯದ ಸರಾಸರಿ ಶೇಕಡ 70ರಷ್ಟಿತ್ತು. ಬರದೇ ಉಳಿದವರು ಹೆಚ್ಚುಕಮ್ಮಿ ಹನ್ನೊಂದು ಲಕ್ಷ. ಗೆದ್ದವರಿಗೆ ಬಂದದ್ದು ಏಳೂವರೆ ಲಕ್ಷ. ಮನೆಯಲ್ಲಿ ಕೂತವರೇ ಒಂದು ಪಕ್ಷ ಮಾಡಿದ್ದರೆ ಅವರೇ ಭಾರಿ ಬಹುಮತದಿಂದ ಗೆಲ್ಲಬೇಕಿತ್ತು!

ಸೋಮಾರಿಗಳು ಅಂತ ಬೈದುಬಿಡುವುದು ಸುಲಭ. 2019ರಲ್ಲಿ ಮತದಾನದ ಮರುದಿನ ಗುಡ್ ಫ್ರೈಡೆ, 2024ರಲ್ಲಿ ಮತದಾನವೇ ಶುಕ್ರವಾರ. ರಜೆಗೆ ರಜೆ ಜೋಡಿಸಿ ಊರು ಬಿಟ್ಟವರು ಇದ್ದರು, ನಿಜ. ಓಟು ಹಾಕಿ ಬಂದವರಿಗೆ ಬೆಣ್ಣೆ ದೋಸೆ ಪುಕ್ಕಟೆ ಅಂತ ನೃಪತುಂಗ ರಸ್ತೆಯ ಹೋಟೆಲೊಂದು ಹೈಕೋರ್ಟಿನ ಅಪ್ಪಣೆ ಪಡೆದು ಬೋರ್ಡು ಹಾಕಿತು. ಆದರೆ ಪಟ್ಟಿಯೂ ಅಷ್ಟೇನೂ ಶುದ್ಧವಲ್ಲ. ಬಾಡಿಗೆ ಮನೆ ಬದಲಿಸಿದವನ ಹೆಸರು ಹಳೇ ಬೀದಿಯಲ್ಲೇ ಉಳಿದಿರುತ್ತದೆ. ಊರಿನಲ್ಲೂ ಒಂದು, ಇಲ್ಲೂ ಒಂದು ಇರುವವರು ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತಿ ಊರಿಗೇ ಹೋಗಿ ಹಾಕುತ್ತಾರೆ. ಇವೆಲ್ಲ ಕಳೆದರೂ ಉಳಿಯುವ ಒಂದು ಕಾರಣ ಅಂಗಡಿಗಳಲ್ಲಿ ಕೇಳಿಬರುತ್ತದೆ: 'ಗೆಲ್ಲೋರು ಗೊತ್ತಿರೋವಾಗ ನಾನ್ಯಾಕೆ ಕ್ಯೂ ನಿಲ್ಲಲಿ?' ಇದನ್ನು ಗೆಲ್ಲುವ ಪಕ್ಷದವನೂ ಹೇಳುತ್ತಾನೆ, ಸೋಲುವ ಪಕ್ಷದವನೂ ಹೇಳುತ್ತಾನೆ.

ಇದರಿಂದ ನಷ್ಟ ಯಾರಿಗೆ? ಗೆಲ್ಲುವವರಿಗೆ ಇದು ಖಾತ್ರಿ ಸೀಟು, ಕೇಳಿಕೊಂಡು ಬರುವ ಅವಸರವಿಲ್ಲ. ಸೋಲುವವರಿಗೆ ಇದು ದಂಡದ ಸೀಟು, ಐದು ವರ್ಷ ಬೆವರು ಹರಿಸುವ ಉಮೇದಿಲ್ಲ. ಕೊನೆಯ ವಾರ ಯಾರನ್ನಾದರೂ ಹುಡುಕಿ ನಿಲ್ಲಿಸಿದರೆ ಮುಗಿಯಿತು. ಅತ್ತ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲೇ ಇಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರು ದೂರು ಹೇಳಲು ಕಾರ್ಪೊರೇಟರ್ ಎಂಬ ಪ್ರಾಣಿಯೇ ಇರಲಿಲ್ಲ. ಅದೇ ಬೇಸಿಗೆಯ ಏಪ್ರಿಲ್ 26ಕ್ಕೆ ಮತದಾನ. ನೀರಿನ ಸಿಟ್ಟು ಮತಪೆಟ್ಟಿಗೆಯಲ್ಲಿ ಕಾಣಿಸಿಕೊಂಡೀತು ಅಂದುಕೊಂಡವರಿದ್ದರು. ಕಾಣಿಸಲಿಲ್ಲ.

2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾಯಿತು. ಪ್ರಧಾನಿ ಬಂದು ಬಾವುಟ ತೋರಿದರು. ಕಾಂಗ್ರೆಸ್ಸಿನವರು 'ನಮ್ಮ ದುಡ್ಡು' ಅಂದರು, ಬಿಜೆಪಿಯವರು 'ನಮ್ಮ ಹೋರಾಟ' ಅಂದರು. ಹತ್ತೊಂಬತ್ತು ಕಿಲೋಮೀಟರಿನ ಆ ದಾರಿಗೆ ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಕೀರ್ತಿ ಯಾರದೆಂದು ಅವರು ತೀರ್ಮಾನ ಮಾಡಿಕೊಳ್ಳುವಷ್ಟು ಹೊತ್ತು ಬೊಮ್ಮನಹಳ್ಳಿಯ ಪ್ರಯಾಣಿಕ ಪ್ಲಾಟ್‌ಫಾರಂ ಮೇಲೆ ನಿಂತೇ ಇದ್ದ.