ಶ್ರಮಬಿಂದುವಿನ ಹೆಸರಿನಲ್ಲಿ ಯೌವನವನ್ನು ಹಿಂಡಬೇಡಿ

ಜಮಖಂಡಿ ಸೀಮೆಯಲ್ಲಿ ತರುಣರು ಸಂಜೆಯ ಹೊತ್ತು ನಗುತ್ತ ಕುಳಿತರೆ ಸಾಕು, ಹಿರಿಯರ ಕೈ ಚಿಕ್ಕಪಡಸಲಗಿಯ ಕಡೆಗೆ ಚಾಚುತ್ತದೆ. ‘ನಮ್ಮ ಕಾಲದವರು ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು, ನಿಮಗೋ ಹರಟೆ, ಮೊಬೈಲು, ಕ್ರಿಕೆಟ್ಟು’ ಎಂಬ ಉಪದೇಶ ಆರಂಭವಾಗುತ್ತದೆ.

ಆ ಬ್ಯಾರೇಜಿನ ಹಿರಿಮೆಯನ್ನು ನಾವು ಅಲ್ಲಗಳೆಯುವವರಲ್ಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಅದನ್ನು ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ತಕ್ಕುದೇ. ಆದರೆ ‘ಮುಗಿಸಿದರು’ ಎಂಬ ಮಾತನ್ನು ಉಪದೇಶಕರು ಗಮನಿಸಲಿ. ಆ ಬೆವರಿಗೊಂದು ಗುರಿಯಿತ್ತು, ಕೊನೆಯಿತ್ತು. ಸುರಿಸಿದವರ ಹೊಲಕ್ಕೇ ನೀರು ಬಂತು.

ನಮ್ಮಲ್ಲಿ ಓದಿದ ಹುಡುಗನೊಬ್ಬ ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಕೆಲಸಕ್ಕಿದ್ದಾನೆ. ವಯಸ್ಸು ಇಪ್ಪತ್ತೆರಡು. ಹಗಲಿನ ಪಾಳಿ ಮುಗಿಸಿ ಎಷ್ಟೋ ದಿನ ರಾತ್ರಿಯ ಪಾಳಿಗೂ ನಿಲ್ಲುತ್ತಾನೆ. ಅಕ್ಕನ ಮದುವೆಗೆ ಮಾಡಿದ ಸಾಲ ತೀರಿಲ್ಲ. ಕಳೆದ ಈದ್‌ನ ಮರುದಿನ ಬಂದು ಕೇಳಿದ: “ಹಜರತ್, ಹಬ್ಬದ ದಿನ ಆಟ ಆಡಾಕ ಹೋಗಿದ್ದೆ. ಅಬ್ಬಾ ಭಾಳ ಸಿಟ್ಟಾದ್ರು. ಗುನಾ ಆತೇನ್ರಿ?”

ನಮಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾವು ಕಲಿಸಿದ್ದೇನು?

ಈದ್‌ನ ದಿನವೇ ಅಬಿಸೀನಿಯದವರು ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಈಟಿಯಾಟವಾಡಿದರು. ಪ್ರವಾದಿವರ್ಯರು(ಸ) ತಡೆಯಲಿಲ್ಲ; ಹಜರತ್ ಆಯಿಶಾರನ್ನು(ರ) ತಮ್ಮ ಮೇಲುಹೊದಿಕೆಯ ಮರೆಯಲ್ಲಿ ನಿಲ್ಲಿಸಿಕೊಂಡು, ಅವರಿಗೆ ಸಾಕೆನಿಸುವವರೆಗೂ ತೋರಿಸಿದರು. (ನಮ್ಮ ಹೆಣ್ಣುಮಕ್ಕಳಿಗೆ ಈ ಸಂತೋಷದಲ್ಲಿ ಎಷ್ಟು ಪಾಲು ಕೊಟ್ಟಿದ್ದೇವೆಂಬುದು ಬೇರೆಯೇ ಲೆಕ್ಕ.) ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಜು ಎಂದು ಹಟ ಹಿಡಿದಿದ್ದ ತರುಣ ಅಬ್ದುಲ್ಲಾ ಬಿನ್ ಅಮ್ರ್‌ರನ್ನು(ರ) ತಡೆದು, ದೇಹಕ್ಕೂ ಕಣ್ಣಿಗೂ ಪತ್ನಿಗೂ ಹಕ್ಕಿದೆಯೆಂದು ತಿಳಿಹೇಳಿದರು. ಆರಾಧನೆಗೇ ಮಿತಿಯಿಟ್ಟ ಧರ್ಮದಲ್ಲಿ ಮಗ್ಗದ ಪಾಳಿಗೆ ಮಿತಿಯಿಲ್ಲವೇ?

ಯೌವನದಲ್ಲಲ್ಲದೆ ಮುಪ್ಪಿನಲ್ಲಿ ದುಡಿಯಬೇಕೇ ಎಂದು ಕೇಳುವವರಿದ್ದಾರೆ. ದುಡಿಯಲೇಬೇಕು. ಹಜರತ್ ದಾವೂದರು(ಅ) ದೊರೆಯಾಗಿದ್ದೂ ಕೈದುಡಿಮೆಯ ಅನ್ನವನ್ನೇ ಉಂಡವರು. ವಾರದ ಕೂಲಿಯನ್ನು ಮೊಬೈಲಿನ ಜೂಜಿಗೆ ಒಂದೇ ರಾತ್ರಿಯಲ್ಲಿ ಸುರಿಯುವವನನ್ನು ನಾವು ಸಮರ್ಥಿಸುತ್ತಿಲ್ಲ. ಜೂಜು ಹರಾಮ್, ಅದರಲ್ಲಿ ಸುಖವೂ ಇಲ್ಲ. ಆದರೆ ಅವನನ್ನು ತೋರಿಸಿ ದಿನವಿಡೀ ದುಡಿದವನ ಎರಡು ಗಂಟೆಯ ಆಟವನ್ನು ಕಸಿದುಕೊಳ್ಳುವುದು ಯಾವ ನ್ಯಾಯ?

ನಿಜವಾದ ಮಾತು ಬೇರೆಯಿದೆ. ಹುಡುಗರ ಬೆವರು ಹೋಗುತ್ತಿರುವುದೆಲ್ಲಿಗೆ? ನಿಕಾಹ್‌ನಲ್ಲಿ ಕೊಡಬೇಕಾದವನು ವರ, ಅದು ಮಹರ್. ನಾವೋ ವಧುವಿನ ಮನೆಯಿಂದ ಜಹೇಜ್ ಎಣಿಸುತ್ತೇವೆ, ಬೈಕು ಕೇಳುತ್ತೇವೆ, ಶಾಮಿಯಾನದ ಉದ್ದ ಅಳೆಯುತ್ತೇವೆ, ಊಟದಲ್ಲಿ ಮಾಂಸ ಕಡಿಮೆಯಾಯಿತೆಂದು ಗೊಣಗುತ್ತೇವೆ. ಆ ಒಂದು ದಿನದ ಸಾಲಕ್ಕೆ ತಮ್ಮಂದಿರ ಐದಾರು ವರ್ಷ ಒತ್ತೆಬೀಳುತ್ತದೆ. ಕೇಳಿದವರೂ ಕೊಟ್ಟವರೂ, ಕಂಡೂ ಸುಮ್ಮನಿದ್ದ ಜಮಾಅತಿನ ಹಿರಿಯರೂ, ಉಂಡು ದುಆ ಮಾಡಿ ಬಂದ ನಮ್ಮಂಥ ಮೌಲವಿಗಳೂ ಇದರಲ್ಲಿ ಪಾಲುದಾರರು. ಹೊರೆ ಹೊರಿಸಿದವರೇ ಸೋಮಾರಿತನದ ಮೇಲೆ ಉಪನ್ಯಾಸ ಕೊಡುವುದು ಬೇಡ.

ಗುನಾ ಆಗಿಲ್ಲವೆಂದು ಹೇಳಿ ಹುಡುಗನನ್ನು ಕಳುಹಿಸಿದೆವು. ಅವನ ತಂದೆಯನ್ನು ಕರೆಸಿ ಮಾತನಾಡಿದೆವು. ಕಿರಿಯ ಮಗಳ ನಿಕಾಹ್ ಹತ್ತಿರದಲ್ಲಿದೆ. ಅಸರ್ ನಮಾಜಿನ ನಂತರ ಮಸೀದಿಯಲ್ಲೇ ಓದಿಸೋಣ, ಖರ್ಜೂರ ಹಂಚೋಣ, ಬೀಗರಿಗೆ ನಾವೇ ಹೇಳುತ್ತೇವೆ ಎಂದೆವು. ಅವರು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, “ಜನಾ ಏನಂತಾರ್ರಿ?” ಎಂದು ಎದ್ದುಹೋದರು. ಈವರೆಗೆ ಉತ್ತರ ಬಂದಿಲ್ಲ.